ತುಳಸಿ ಕುಂಡದ ಸ್ಕಾಟ್‌ಲೆಂಡ್

ವೇಲಚೇರಿಯ ನಮ್ಮ ಫ್ಲ್ಯಾಟಿಗೆ ನೀವು ಬಂದರೆ, ಬಾಲ್ಕನಿಯ ತುಳಸಿ ಕುಂಡದಲ್ಲಿ ನುಣ್ಣನೆಯ ಕಪ್ಪು ಕಲ್ಲುಗಳ ನಡುವೆ ಮೂರು ಬೂದು ಕಲ್ಲುಗಳು ಕೂತಿರುವುದು ಕಾಣುತ್ತದೆ. ಒಂದು ಚಪ್ಪಟೆ, ಒಂದು ಉದ್ದುದ್ದ, ಇನ್ನೊಂದಕ್ಕೆ ಆಕಾರ ಅಂತ ಏನೂ ಇಲ್ಲ. ಬಂದವರು ಕಾಫಿ ಕುಡಿಯುತ್ತ, "ಇದೇನ್ರೀ, ಇವು ಬೇರೆ ಥರ ಇವೆಯಲ್ಲ?" ಅಂತ ಕೇಳಿಯೇ ಕೇಳುತ್ತಾರೆ. ಸ್ಕಾಟ್‌ಲೆಂಡಿನವು ಅನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸಿದರೆ ಜಂಬದ ಮನುಷ್ಯ ಅಂದುಕೊಳ್ಳುತ್ತಾರೆ. ಪೂರ್ತಿ ಹೇಳಿದರೆ ತಲೆ ಕೆಟ್ಟವನು ಅಂದುಕೊಳ್ಳುತ್ತಾರೆ. ಎರಡರಲ್ಲಿ ಎರಡನೆಯದೇ ವಾಸಿ. ಕೂತುಕೊಳ್ಳಿ, ಹೇಳುತ್ತೇನೆ.

ಶುರು ಮಾಡಬೇಕಾದ್ದು ಅಪ್ಪನ ಸ್ನಾನದಿಂದ. ನಮ್ಮಪ್ಪ ಶ್ರೀನಿವಾಸರಾಯರು ಮದ್ರಾಸಿನಲ್ಲಿ ಹುಟ್ಟಿ ಚೆನ್ನೈಯಲ್ಲಿ ತೀರಿಕೊಂಡವರು, ಅಂದರೆ ಊರು ಬಿಟ್ಟು ಕದಲಿದವರಲ್ಲ. ಈ ಊರಿನ ಸೆಕೆ ನಿಮಗೆ ಗೊತ್ತೇ ಇದೆ. ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನಿಂದ ಬರುವ ನೀರಿಗೆ ಡಿಕಾಕ್ಷನ್ ಬೆರೆಸಿ ಕುಡಿಯಬಹುದು. ಅಂಥ ನೀರಿಗೆ ಬೆರಳದ್ದಿ ನೋಡಿ ಅಪ್ಪ, "ಬೆಚ್ಚಗಿದೆ ಅಷ್ಟೆ. ಬಿಸಿ ಎಲ್ಲಿದೆ?" ಅನ್ನುತ್ತಿದ್ದರು. ನಾವು ತ್ರಿಪ್ಲಿಕೇನಿನ ವಠಾರದಲ್ಲಿದ್ದಾಗ ತಾಮ್ರದ ಬಾಯ್ಲರ್ ಇತ್ತು, ಇದ್ದಿಲು ಹಾಕಿ ಕಾಯಿಸುವುದು. ವೇಲಚೇರಿಗೆ ಬಂದ ಮೇಲೆ ಗೀಸರ್ ಬಂತು. ಎರಡೂ ಅವರಿಗೆ ಸಾಲುತ್ತಿರಲಿಲ್ಲ. ಸ್ನಾನದ ಮಧ್ಯೆ ಬಚ್ಚಲಿನಿಂದ ಒಂದು ಕೂಗು ಬಂದೇ ಬರಬೇಕು: "ಇನ್ನೊಂದು ಚೊಂಬು!"

ಅದಕ್ಕಾಗಿಯೇ ಅಮ್ಮ ಒಲೆಯ ಮೇಲೆ ಬೇರೆ ನೀರು ಕಾಯಲಿಕ್ಕೆ ಇಟ್ಟಿರುತ್ತಿದ್ದಳು. ಬಚ್ಚಲ ಬಾಗಿಲು ಒಂದು ಗೇಣು ತೆರೆದುಕೊಳ್ಳುತ್ತಿತ್ತು. ಚೊಂಬು ಹಿಡಿದ ಅಮ್ಮನ ಕೈ ಒಳಗೆ ಹೋಗುತ್ತಿತ್ತು. "ತೊಗೊಳ್ಳಿ, ಬೆಂದುಹೋಗಿ!" ಅಂತ ಅಮ್ಮ ಅನ್ನುತ್ತಿದ್ದಳು. ಒಳಗಿನಿಂದ ಅಪ್ಪ "ಹಾಂ, ಈಗ ಸರಿಹೋಯ್ತು" ಅನ್ನುತ್ತಿದ್ದರು. ನಾನು ಹುಟ್ಟುವುದಕ್ಕಿಂತ ಮೊದಲಿನಿಂದಲೂ ಇದು ನಡೆದುಬಂದಿತ್ತು. ಬೇರೆಯವರ ಮನೆಯಲ್ಲಿ ಗಂಡ ಹೆಂಡತಿ ಇದಿಲ್ಲದೆ ಹೇಗೆ ಸಂಸಾರ ಮಾಡುತ್ತಾರೆ ಅಂತ ನನಗೆ ಚಿಕ್ಕಂದಿನಲ್ಲಿ ಆಶ್ಚರ್ಯವಾಗುತ್ತಿತ್ತು.

ನಮ್ಮ ಕುಟುಂಬದ ದೊಡ್ಡ ಪ್ರವಾಸವೆಂದರೆ ತಿರುಪತಿ. ಹೊರಡುವ ದಿನ ಅಪ್ಪ ಮನೆಯ ಸಾಲಿಗ್ರಾಮವನ್ನು ಅಕ್ಕಿ ಡಬ್ಬದೊಳಗೆ ಇಟ್ಟು ನಮಸ್ಕಾರ ಮಾಡುತ್ತಿದ್ದರು. ಪೂಜೆ ಮಾಡುವವರು ಮನೆಯಲ್ಲಿಲ್ಲದ ದಿನ ದೇವರು ಉಪವಾಸ ಇರಬಾರದು, ಅಕ್ಕಿಯ ಮಧ್ಯೆ ಇದ್ದರೆ ಅದೇ ನೈವೇದ್ಯ ಅನ್ನುವುದು ನಮ್ಮಲ್ಲಿಯ ಪದ್ಧತಿ. ದೇವರು ಕತ್ತಲೆ ಡಬ್ಬದಲ್ಲಿ ಕೂತು ಕಟುಂ ಕಟುಂ ಅಂತ ಹಸಿ ಅಕ್ಕಿ ತಿನ್ನುತ್ತಾನೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಅಪ್ಪನ ಚೀಲದಲ್ಲಿ ಪಂಚೆಗಿಂತ ಮೊದಲು ಸೇರುತ್ತಿದ್ದದ್ದು ನೀರು ಕಾಯಿಸುವ ಕರೆಂಟಿನ ರಾಡು. ಒಮ್ಮೆ ಬೆಳಗಿನ ಜಾವ ಛತ್ರದ ಬಕೆಟ್ಟಿನಲ್ಲಿ ಅದನ್ನು ಇಳಿಬಿಟ್ಟು ಸ್ವಿಚ್ ಹಾಕಿದರು ನೋಡಿ, ಠಪ್ ಅಂತ ಇಡೀ ಛತ್ರ ಕತ್ತಲಾಯಿತು. ಗಾಬರಿಯಲ್ಲಿ ಯಾರೋ "ಗೋವಿಂದಾ!" ಅಂದರು. ಛತ್ರಕ್ಕೆ ಛತ್ರವೇ "ಗೋವಿಂದ!" ಅಂತ ಕೂಗಿತು. ಅಪ್ಪನೂ ಕೂಗಿದರು, ಎಲ್ಲರಿಗಿಂತ ಜೋರಾಗಿ. ಅನುಮಾನ ಬರಬಾರದಲ್ಲ.

ಇಂಥ ಮನುಷ್ಯನ ಕೆಲಸ ಎಲ್ಲಿ ಅಂತೀರಿ? ಹಾರ್ಬರಿನ ಹತ್ತಿರ ಒಂದು ಹಡಗಿನ ಏಜೆಂಟರ ಆಫೀಸಿನಲ್ಲಿ. ಬೆಳಗಿನಿಂದ ಸಾಯಂಕಾಲದವರೆಗೆ ಯೊಕೊಹಾಮಾ, ಹ್ಯಾಂಬರ್ಗ್, ಗ್ಲಾಸ್ಗೋ, ಸಿಂಗಪುರ ಅಂತ ಊರುಗಳ ಹೆಸರು ಬರೆದು ಸರಕು ಕಳಿಸುವುದು. ಮನೆಗೆ ಬಂದು ಬನಿಯನ್ ಹಿಂಡುತ್ತ, "ಹ್ಯಾಂಬರ್ಗ್‌ನಲ್ಲಿ ಈಗ ಮಂಜು ಬೀಳ್ತಿರತ್ತೆ ಕಣೋ ರಾಘು" ಅನ್ನುತ್ತಿದ್ದರು. ರಿಟೈರಾದ ಮೇಲೆ ಪಾಸ್‌ಪೋರ್ಟನ್ನೂ ಮಾಡಿಸಿಕೊಂಡರು. ಅದರಲ್ಲಿ ಅವರ ಫೋಟೋ ಒಂದು ಬಿಟ್ಟರೆ ಮಿಕ್ಕ ಹಾಳೆಗಳೆಲ್ಲ ಮಲ್ಲಿಗೆ ಹೂವಿನ ಹಾಗೆ ಬಿಳುಪು. "ಹೊರಡಿ ಅಪ್ಪಾ, ಅಲ್ಲೆಲ್ಲ ನಲ್ಲೀಲೇ ಬಿಸಿನೀರು ಬರತ್ತೆ" ಅಂತ ನಾನು ಎಷ್ಟೋ ಸಲ ಹೇಳಿದೆ. ಅಪ್ಪ ತಮ್ಮ ಬೋಳುತಲೆ ಸವರಿಕೊಂಡು, "ಬರತ್ತೆ ಸರಿ. ಇನ್ನೊಂದು ಚೊಂಬು ಯಾರು ಕೊಡ್ತಾರೆ?" ಅಂದುಬಿಟ್ಟರು. ಅಮ್ಮನನ್ನೂ ಕರೆದುಕೊಂಡು ಹೋಗಬಹುದು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಒಂದು ಬೆಳಗ್ಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದವರು ಹಾಗೇ ಹೋಗಿಬಿಟ್ಟರು. ಬಂದವರೆಲ್ಲ ಸ್ನಾನ ಆಗಿತ್ತಲ್ಲ, ಪುಣ್ಯವಂತರು ಅಂದರು. ಅಮ್ಮ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು, "ಇವತ್ತು ಇನ್ನೊಂದು ಚೊಂಬು ಕೇಳಲಿಲ್ಲ ಕಣೋ. ನನಗೆ ಆಗಲೇ ಗೊತ್ತಾಗಬೇಕಿತ್ತು" ಅಂದಳು. ಒಲೆಯ ಮೇಲೆ ನೀರು ಕುದಿಯುತ್ತಲೇ ಇತ್ತು.

ಒಂದು ವರ್ಷ ತುಂಬಿ ಶ್ರಾದ್ಧ ಮುಗಿದ ಮೇಲೆ ಈ ಕಲ್ಲಿನ ವಿಚಾರ ತೆಗೆದವಳು ನನ್ನ ಮಗಳು ಪಲ್ಲವಿ. ಇಲ್ಲೇ ಕಾಲೇಜಿನಲ್ಲಿ ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಇಂಗ್ಲಿಷಿನಲ್ಲಿ. ತೀರಿಹೋದವರ ಹೆಸರಿನಲ್ಲಿ ಒಂದೊಂದು ಕಲ್ಲನ್ನು ಅವರು ನೋಡಲು ಆಸೆಪಟ್ಟ ಊರುಗಳಲ್ಲಿ ಇಟ್ಟು ಬರುವ ಜನರ ವಿಡಿಯೊ ಒಂದನ್ನು ಅವಳು ಫೋನಿನಲ್ಲಿ ತೋರಿಸಿದಳು. "ತಾತ್ತಾವುಕ್ಕು ನಾಮಳುಂ ಪಣ್ಣಲಾಂ ಪಾ" ಅಂದಳು. ತಾತನಿಗೆ ನಾವೂ ಮಾಡೋಣ ಅಂತ. ಕಲ್ಲಿಗೇನು ಬರ? ಅಪ್ಪನೇ ನರ್ಸರಿಯಿಂದ, ಇಲ್ಲಿಯವರು ಕೂಳಾಂಗಲ್ಲು ಅನ್ನುವ ನುಣುಪಾದ ಕಪ್ಪು ಕಲ್ಲುಗಳನ್ನು ಒಂದು ಚೀಲ ತಂದು ತುಳಸಿ ಕುಂಡಕ್ಕೆ ತುಂಬಿದ್ದರು. ಅವನ್ನು ಅವರೇ ತೊಳೆಯುತ್ತಿದ್ದರು. ಬೇರೆ ಹೇಳಬೇಕಾಗಿಲ್ಲ, ಬೆಚ್ಚಗಿನ ನೀರಿನಲ್ಲಿ.

ನನ್ನ ಹೆಂಡತಿ ವೀಣಾ ಬಿಳಿ ಪೇಂಟಿನಲ್ಲಿ ಅಪ್ಪನ ಹೆಸರು ಬರೆಯಲು ಕೂತಳು. ಅಮ್ಮ ಬಂದು ಬ್ರಷ್ ಕಿತ್ತುಕೊಂಡಳು.

"ಹೆಸರು ಬರೀಬೇಡವೇ. ಯಾವನಾದರೂ ಬೂಟ್ಸ್ ಕಾಲಲ್ಲಿ ತುಳಿದರೆ? ನಾನೇ ಅವರ ಹೆಸರು ಹಿಡಿದು ಕೂಗಲಿಲ್ಲ, ಕಂಡವರು ತುಳಿಯಕ್ಕೆ ಬಿಡ್ತೀನಾ?"

"ಮತ್ತೆ ಅವರದ್ದು ಅಂತ ಹೇಗೆ ಗೊತ್ತಾಗಬೇಕು ಅತ್ತೆ?"

"ಗೋಪೀಚಂದನದಲ್ಲಿ ಒಂದು ನಾಮ ಹಾಕಿ. ಅವರಿಗೆ ಗೊತ್ತಾಗತ್ತೆ."

"ಮಳೆ ಬಂದರೆ ಅಳಿಸಿಹೋಗತ್ತೆ ಅಮ್ಮಾ" ಅಂದೆ ನಾನು.

"ಅಳಿಸಲಿ. ಇವರೂ ದಿನಾ ಅಳಿಸಿ ದಿನಾ ಹಾಕ್ಕೋತಿದ್ದರಲ್ಲ."

ಹಾಗೆ ಅಪ್ಪ ಲೋಕ ಸಂಚಾರಕ್ಕೆ ಹೊರಟರು. ಮೊದಲು ನನ್ನ ತಂಗಿ ಸುಮಾ ಸಿಂಗಪುರದ ಟೂರಿಗೆ ಹೋಗುವಾಗ ಒಂದು ಕಲ್ಲು ಒಯ್ದಳು. ಪಾರ್ಕಿನ ಮರದ ಬುಡದಲ್ಲಿ ಇಟ್ಟು ಕೈಮುಗಿದು ಹತ್ತು ಹೆಜ್ಜೆ ಬಂದಿಲ್ಲ, ಕಸ ಗುಡಿಸುವವಳು ಓಡಿಬಂದು, ಅಮ್ಮಾ ನಿಮ್ಮದೇನೋ ಬಿದ್ದುಹೋಯಿತು ಅಂತ ನಗುನಗುತ್ತ ವಾಪಸ್ಸು ಕೊಟ್ಟಳಂತೆ. ಇನ್ನೊಂದು ಮೂಲೆಯಲ್ಲಿ ಇಟ್ಟರೆ ಅಲ್ಲೂ ಅವಳೇ. ಅಷ್ಟು ಚೊಕ್ಕಟದ ಊರು. ಕೊನೆಗೆ ಸುಮಾ ಬಂದರಿನ ಹತ್ತಿರದ ಒಂದು ಹೂವಿನ ಪೊದೆಯೊಳಗೆ ಅಪ್ಪನನ್ನು ಬಚ್ಚಿಟ್ಟು, ಕಳ್ಳಿಯ ಹಾಗೆ ಓಡಿಬಂದಳು. ವೀಣಾಳ ತಮ್ಮ ಯೊಕೊಹಾಮಾಗೆ ಹೋದವನು ಒಂದು ತೋಟದ ಕಲ್ಲುಗಳ ಮಧ್ಯೆ ಇಟ್ಟು ಅಲ್ಲಿಂದಲೇ ಫೋನ್ ಮಾಡಿದ. "ಭಾವಾ, ಇಲ್ಲಿ ಒಂದೊಂದು ಕಲ್ಲನ್ನೂ ಅಳತೆ ಮಾಡಿ ಕೂರಿಸಿದಾರೆ. ಮಾವ ಒಬ್ಬರೇ ಸ್ವಲ್ಪ ಓರೆಯಾಗಿದಾರೆ." ಅಮ್ಮ ಫೋನಿಗೆ ಬಾಯಿಟ್ಟು, "ಇರ್ಲಿ ಬಿಡಪ್ಪಾ, ನಮ್ಮ ಮದುವೆ ಫೋಟೋಲೂ ಹಾಗೇ ಕೂತಿದಾರೆ" ಅಂದಳು.

ಯಾರು ಎಲ್ಲಿಂದ ಫೋನ್ ಮಾಡಿದರೂ ಅಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಅಲ್ಲಿ ಚಳೀನಾ?" ದುಬೈಗೆ ಹೋದ ಕಲ್ಲಿನ ಬಗ್ಗೆ ಮಾತ್ರ ಅವಳಿಗೆ ಪೂರ್ತಿ ಸಮಾಧಾನವಿತ್ತು. ಸಾಯಂಕಾಲ ತುಳಸಿಗೆ ದೀಪ ಇಡುವಾಗ ಕುಂಡ ನೋಡಿ, "ಬೋಳಾಗ್ತಾ ಬಂತು" ಅನ್ನುತ್ತಿದ್ದಳು. ಇನ್ನೊಂದು ಚೀಲ ತಂದರಾಯಿತು ಅಂತ ನಾನು ಅಂದೆ. ಅಮ್ಮ ದೀಪದ ಬತ್ತಿ ಸರಿಮಾಡಿ ಒಳಗೆ ಹೋದಳು.

ಧನುರ್ಮಾಸದಲ್ಲಿ ಪಕ್ಕದ ಫ್ಲ್ಯಾಟಿನ ಜಾನಕಿ ಮಾಮಿ ಮಗಳ ಬಾಣಂತನಕ್ಕೆ ಸ್ಕಾಟ್‌ಲೆಂಡಿಗೆ ಹೊರಟರು. ಮಾಮಿ ಅಯ್ಯಂಗಾರರು. ಮೈಲಾಪೂರಿನ ಸಂಗೀತ ಕಛೇರಿಗಳ ಕಾಲದಲ್ಲಿ ಊರು ಬಿಡಬೇಕಾಯಿತಲ್ಲ ಅಂತ ಮುಖ ಊದಿಸಿಕೊಂಡಿದ್ದರು. ಕಲ್ಲು ಒಯ್ಯಲು ತಕ್ಷಣ ಒಪ್ಪಿದರು, ಆದರೆ ಒಂದು ಕಟ್ಟಳೆ ಹಾಕಿದರು. ಒಂದು ದಿನ ನಿಮ್ಮ ಮನೆಯ ಪೆರುಮಾಳ್ ದೇವರ ಮುಂದೆ ಇಟ್ಟು ಕೊಡಬೇಕು, ಹಾಗೇ ಬರೀ ಕಲ್ಲನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಲಾರೆ ಅಂದರು. ಅಮ್ಮ ಎಂದಿನಂತೆ, "ಅಲ್ಲಿ ಚಳೀನಾ?" ಅಂತ ಕೇಳಿದಳು. "ಅಯ್ಯೋ, ಕೇಕ್ಕಾದೀಂಗೋ ಮಾಮಿ! ಐಸ್!" ಅಂದರು ಜಾನಕಿ ಮಾಮಿ, ಕೇಳಲೇಬೇಡಿ ಅಂತ. ಅಮ್ಮನ ಮುಖ ಸಣ್ಣಗಾಯಿತು.

ಮಾರನೆಯ ಬೆಳಗ್ಗೆ ನಾನು ಪೂಜೆಗೆ ಕೂತಾಗ, ನಾಮ ಹಾಕಿದ ಆ ಕಲ್ಲು ಬಟ್ಟಲಿನಲ್ಲಿ ದೇವರ ಪಕ್ಕದಲ್ಲೇ ಇತ್ತು. ಈಗ ನಮ್ಮ ಸಾಲಿಗ್ರಾಮದ ವಿಚಾರ ಹೇಳಬೇಕು. ಅದೂ ಕಪ್ಪಗೆ, ನುಣ್ಣಗೆ, ಸರಿಸುಮಾರು ಅದೇ ಗಾತ್ರ. ನನ್ನ ಮುತ್ತಾತನ ಕಾಲದಿಂದ ಬಂದದ್ದು. ಅದಕ್ಕೆ ಒಂದು ಪುಟ್ಟ ಬಾಯಿ ಉಂಟು. ಬಾಯಿಯೊಳಗೆ ಚಕ್ರದ ಗುರುತು. ಪೂಜೆಯಾದ ಮೇಲೆ ಅದನ್ನು ಸಂಪುಟ ಅನ್ನುವ ಬೆಳ್ಳಿಯ ಪುಟ್ಟ ಪೆಟ್ಟಿಗೆಯಲ್ಲಿ ಇಡುತ್ತೇವೆ. ನಾನು ಆಯುಷ್ಯವೆಲ್ಲ ಆಡಿಟ್ ವಿಭಾಗದಲ್ಲಿ ದುಡಿದು ಬೇರೆಯವರ ತಪ್ಪು ಹುಡುಕಿ ಸಂಬಳ ತಿಂದವನು. ಆದರೆ ದೇವರ ಮನೆಯಲ್ಲಿ ನನಗೆ ಕಣ್ಣು ಕಾಣುವುದಿಲ್ಲ, ಯಾಕೆಂದರೆ ಮಡಿಯಲ್ಲಿ ಕನ್ನಡಕ ಕೂಡದು ಅನ್ನುವುದು ಅಪ್ಪ ಮಾಡಿಟ್ಟ ನಿಯಮ. ಜೊತೆಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ನನ್ನ ಪಾಲಿಗೆ ದೇವರು ಅಂದರೆ ಮಸುಕು ಮಸುಕಾದ ಒಂದು ಕರಿ ಉಂಡೆ. ಭಕ್ತಿಗೆ ಅಷ್ಟು ಸಾಕು ಅಂದುಕೊಂಡಿದ್ದೆ.

ಮಾಮಿ ಹೋದ ಎರಡು ದಿನಕ್ಕೆ ಅಮ್ಮ ಅಭಿಷೇಕಕ್ಕೆ ಬಿಸಿನೀರು ತಂದಿಟ್ಟಳು. "ಇದೇನಮ್ಮಾ?" ಅಂದೆ. "ಧನುರ್ಮಾಸ. ದೇವರಿಗೆ ಚಳಿ ಆಗಲ್ವೇನೋ?" ಅಂದಳು. ಈ ಊರಿನ ಧನುರ್ಮಾಸದ ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುವವರೂ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಇರಲಿ ಅಂದುಕೊಂಡೆ. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ಅಗ್ನಿ ನಕ್ಷತ್ರ ಅಂತ ಇಲ್ಲಿಯವರು ಕರೆಯುವ ಕಡು ಬೇಸಗೆ ಬಂತು. ನನ್ನ ಬೆನ್ನಿನ ಮೇಲೆ ಬೆವರು ಹರಿಯುತ್ತಿರುವಾಗಲೂ ಅಮ್ಮ ಬಿಸಿನೀರು ನಿಲ್ಲಿಸಲಿಲ್ಲ. ನನ್ನ ಬೆರಳಿನ ಗಂಟುನೋವು ನೋಡಲಾರದೆ ಹೆತ್ತ ಕರುಳು ಹೀಗೆ ಮಾಡುತ್ತಿದೆ ಅಂತ ನನಗೆ ಖಚಿತವಾಗಿತ್ತು. ಒಂದೆರಡು ಸಲ ವೀಣಾಳನ್ನು ಕರೆದು ತೋರಿಸಿದ್ದೂ ಉಂಟು.

ಅಭಿಷೇಕದ ತೀರ್ಥವನ್ನು ಮನೆಯವರೆಲ್ಲ ತೊಗೊಳ್ಳುತ್ತಿದ್ದೆವು. ಮೇಲಿನ ಮನೆಯ ಅಸೋಸಿಯೇಷನ್ ಸೆಕ್ರೆಟರಿ ಲಿಫ್ಟ್ ಇಳಿದು ಬಂದು ಅಂಗೈ ಚಾಚಿ ಕುಡಿದು, ಈ ನಡುವೆ ತಮ್ಮ ಗ್ಯಾಸ್ ತೊಂದರೆ ಎಷ್ಟೋ ಕಡಿಮೆ ಅಂತ ಹೊಟ್ಟೆ ಸವರಿಕೊಳ್ಳುತ್ತಿದ್ದರು. ಮನೆಯಲ್ಲಿ ಆದ ಇನ್ನೊಂದು ಬದಲಾವಣೆ, ಅಕ್ಕಿ ಅಳೆಯುವ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡದ್ದು. "ಅತ್ತೆ ಡಬ್ಬ ಮುಟ್ಟಕ್ಕೇ ಬಿಡಲ್ಲ ರೀ. ಅಕ್ಕೀಲಿ ತುಳಸಿ ಎಲೆ ಬೇರೆ" ಅಂತ ವೀಣಾ ದೂರಿದಳು. ಕೇಳಿದರೆ, "ಹುಳ ಬೀಳಲ್ಲ" ಅಂದಳು ಅಮ್ಮ.

ಮೇ ತಿಂಗಳಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಿದೆವು. ತಲೆಗೆ ನೀರು ತಾಗಬಾರದು, ಕಪ್ಪು ಕನ್ನಡಕ ತೆಗೆಯಬಾರದು ಅಂದರು ಡಾಕ್ಟರು. ಅಪ್ಪನ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಿ, ಕತ್ತಿನ ಕೆಳಗೆ ಸ್ನಾನ ಮಾಡಿ, ಕಪ್ಪು ಕನ್ನಡಕ ಹಾಕಿಕೊಂಡೇ ಪೂಜೆಗೆ ಕೂತೆ. ಪಲ್ಲವಿ ಫೋಟೋ ತೆಗೆದು ಸ್ನೇಹಿತೆಯರಿಗೆಲ್ಲ ಕಳಿಸಿದಳು. ಕೊನೆಗೆ ಕನ್ನಡಕ ತೆಗೆಯಬಹುದು ಅಂದ ದಿನದ ಮಾರನೆಯ ಬೆಳಗ್ಗೆ ದೇವರ ಮನೆಗೆ ಬಂದೆ. ಏನು ಕಣ್ಣು ರೀ! ಗಂಟೆಯ ಮೇಲಿನ ಗರುಡನ ಮೂಗು ಕಂಡಿತು. ಮೂಲೆಯ ಜೇಡರ ಬಲೆ ಕಂಡಿತು. ಪರಮಾನಂದದಿಂದ ಸಂಪುಟ ತೆರೆದು, ದೇವರನ್ನು ಕೈಗೆ ತೊಗೊಂಡು, ಬಾಯಿ ಹುಡುಕಿದೆ.

ಬಾಯಿ ಇರಲಿಲ್ಲ.

ತಿರುಗಿಸಿದೆ. ಹಿಂದೆ ನೋಡಿದೆ, ಕೆಳಗೆ ನೋಡಿದೆ. ಉರುಟಾದ, ನುಣ್ಣನೆಯ, ನರ್ಸರಿಯ ಕೂಳಾಂಗಲ್ಲು. ಅಂಗೈಯಲ್ಲಿ ತಣ್ಣಗೆ ಕೂತಿತ್ತು. ನನಗೆ ಬೆವರು ಕಿತ್ತುಕೊಂಡು ಬಂತು. ಮಾಮಿ ಹೊರಟ ಬೆಳಗ್ಗೆ ದೇವರ ಪಕ್ಕ ಇದ್ದ ಕಲ್ಲು! ಆ ಮಬ್ಬುಗಣ್ಣಿನಲ್ಲಿ, ಎರಡನ್ನೂ ತೊಳೆದು ಒರೆಸಿ ಎತ್ತಿಡುವಾಗ, ಅಪ್ಪನನ್ನು ಸಂಪುಟಕ್ಕೆ ಹಾಕಿ, ನಾಲ್ಕು ತಲೆಮಾರಿನ ದೇವರನ್ನು ಸ್ಕಾಟ್‌ಲೆಂಡಿಗೆ ಕಳಿಸಿಬಿಟ್ಟಿದ್ದೆ.

ಬಾಲ್ಕನಿಯಲ್ಲಿ ಬಾಗಿಲು ಹಾಕಿಕೊಂಡು ವೀಣಾಳಿಗೂ ಪಲ್ಲವಿಗೂ ಹೇಳಿದೆ.

"ಹಾಗಾದರೆ ಇಷ್ಟು ದಿನ ನಾವು ಕುಡಿದಿದ್ದು?" ಅಂದಳು ವೀಣಾ.

"ತೀರ್ಥ."

"ಅದೇ, ಯಾರ ತೀರ್ಥ ಅಂತ ಕೇಳ್ತಿದೀನಿ."

"ಅಪ್ಪನ ಸ್ನಾನದ್ದು."

ಪಲ್ಲವಿ ನೆಲದ ಮೇಲೆ ಕೂತು ನಕ್ಕಳು. "ತಾತ್ತಾ ಸೆಮ ಪಾ! ಸೆಕ್ರೆಟರಿ ಅಂಕಲ್ ಗ್ಯಾಸ್ ಕೂಡ ಸರಿಯಾಕ್ಕಿಟ್ಟಾರು!" ತಾತ ಭಾರಿ ಮನುಷ್ಯ, ಸೆಕ್ರೆಟರಿಯ ಗ್ಯಾಸನ್ನೂ ವಾಸಿ ಮಾಡಿಬಿಟ್ಟರು ಅಂತ. ನನಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಆ ಸಾಲಿಗ್ರಾಮವನ್ನು ನನ್ನ ಮದುವೆಯಾದ ವರ್ಷ ಅಪ್ಪ ನನ್ನ ಕೈಗೆ ಮುಟ್ಟಿಸಿ, "ಇನ್ನು ಇದು ನಿನ್ನದು" ಅಂದಿದ್ದರು. ಅವರು ನನಗೆ ಅಂತ ಕೈಯಾರೆ ಕೊಟ್ಟದ್ದು ಅದೊಂದೇ. ಇನ್ನು ಒಂದೂವರೆ ತಿಂಗಳಿಗೆ ಅವರ ಎರಡನೆಯ ವರ್ಷದ ಶ್ರಾದ್ಧ. ಆ ದಿನ ಮೊದಲು ನೈವೇದ್ಯವಾಗಬೇಕಾದ ದೇವರೇ ಮನೆಯಲ್ಲಿಲ್ಲ. ಎಂಬತ್ತರ ಹತ್ತಿರ ಬಂದಿರುವ ಅಮ್ಮನಿಗೆ ಇದು ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ. ಶ್ರಾದ್ಧದೊಳಗೆ ದೇವರು ವಾಪಸ್ಸು ಬರಬೇಕು, ಅಮ್ಮನಿಗೆ ತಿಳಿಯಬಾರದು. ಮೂವರೂ ದೇವರಾಣೆ ಮಾಡಿದೆವು. ಯಾವ ದೇವರಾಣೆ ಅಂತ ಯಾರೂ ಕೇಳಲಿಲ್ಲ.

ಸ್ಕಾಟ್‌ಲೆಂಡಿಗೆ ಫೋನ್ ಹಚ್ಚಿದೆ. ಮಾಮಿ ವಿಷಯ ಕೇಳಿ ಮೊದಲು "ಪೆರುಮಾಳೇ!" ಅಂತ ಕಿರುಚಿದರು. ಆಮೇಲೆ, ಒಂದು ದೊಡ್ಡ ಸರೋವರದ ದಡದಲ್ಲಿ ಗೋವಿಂದನಾಮ ಹೇಳಿ ಇಟ್ಟಿದ್ದಾಗಿ ಹೇಳಿ ಫೋಟೋ ಕಳಿಸಿದರು. ಫೋಟೋದಲ್ಲಿ ಸಾವಿರಾರು ಕಲ್ಲು, ಮಧ್ಯೆ ಒಂದು ಕುರಿ. ಹೊಸ ಕಣ್ಣಿನಲ್ಲಿ ಎಷ್ಟು ದೊಡ್ಡದು ಮಾಡಿ ನೋಡಿದರೂ ನನಗೆ ಕಂಡದ್ದು ಕುರಿಯ ಬಾಯಿ ಮಾತ್ರ. ಪಾಪ, ಮಾಮಿಯ ಅಳಿಯ ರಜದ ದಿನ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ವಿಡಿಯೊ ಕಾಲ್ ಮಾಡಿದ. ಅಲ್ಲಿ ಸುರಿಯುವ ಮಳೆ. ಮಡಿಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡ ಮಾಮಿ ಕೊಡೆ ಹಿಡಿದು, ಬಗ್ಗಿ ಬಗ್ಗಿ ಕಲ್ಲು ಎತ್ತಿ ತೋರಿಸುತ್ತಿದ್ದರು. "ಇದಾ? ಇದಾ? ಇದು ಇಲ್ಲೈಯಾ?"

"ಬಾಯಿ ನೋಡಿ ಮಾಮಿ! ಬಾಯಿ!" ಅಂತ ನಾನು ಬಾಲ್ಕನಿಯಿಂದ ಕೂಗಿದೆ. ಕೆಳಗೆ ವಾಚ್‌ಮನ್ ಬಾಯಿ ಮುಟ್ಟಿ ನೋಡಿಕೊಂಡ.

ಹಿಂದೆ ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. "ಯಾರೋ ಅದು, ಜಾನಕೀನಾ? ಮಳೇಲಿ ಏನು ಹುಡುಕ್ತಿದಾಳೆ?"

"ಕಿವಿ ಓಲೆ ಬಿದ್ದುಹೋಯ್ತಂತೆ ಅಮ್ಮಾ."

"ಪಾವಂ, ಪಾಪ" ಅಂದಳು ಅಮ್ಮ. ಸ್ವಲ್ಪ ಹೊತ್ತು ಫೋನನ್ನೇ ನೋಡಿದಳು. "ಎರಡು ಕಿವೀಲೂ ಇದೆಯಲ್ಲೋ" ಅಂದು ಒಳಗೆ ಹೋದಳು.

ಜೂನ್ ಕೊನೆಯಲ್ಲಿ, ಶ್ರಾದ್ಧಕ್ಕೆ ಒಂದು ವಾರ ಇರುವಾಗ, ಮಾಮಿ ಊರಿಗೆ ಬಂದರು. ಪೆಟ್ಟಿಗೆ ಬಿಚ್ಚುವ ಮೊದಲೇ ರೇಷ್ಮೆ ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟರು. ನಾಮ ಮಳೆಗೆ ಕರಗಿಹೋಗಿತ್ತಂತೆ. ಯಾವುದು ಅಂತ ತಿಳಿಯದೆ, ಇಟ್ಟ ಜಾಗದಲ್ಲಿದ್ದ ಮೂರನ್ನೂ ತಂದಿದ್ದರು. "ಮೂಣುಲ ಒಣ್ಣು ಪೆರುಮಾಳ್, ನಿಚ್ಚಯಂ" ಅಂದರು. ಮೂರರಲ್ಲಿ ಒಂದು ದೇವರು, ಖಂಡಿತ. ಬಾಲ್ಕನಿಗೆ ಒಯ್ದು ಗಂಟು ಬಿಚ್ಚಿದೆ. ಒಂದು ಚಪ್ಪಟೆ. ಒಂದು ಉದ್ದುದ್ದ. ಇನ್ನೊಂದು ಆಗಲೇ ಹೇಳಿದೆನಲ್ಲ. ಮೂರೂ ಬೂದು ಬಣ್ಣ.

ನಾನು ತುಳಸಿ ಕುಂಡದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅರವತ್ತು ತುಂಬುತ್ತಾ ಬಂದವನು, ಸ್ಕಾಟ್‌ಲೆಂಡಿನ ಕಲ್ಲು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಹೋದ ದಿನ ಮನೆ ತುಂಬ ಜನ, ಓಡಾಟ, ಅಳಲಿಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ. ಅದೂ ಈಗಲೇ ಬಂತು.

"ರಾಘೂ" ಅಂತ ಅಡುಗೆಮನೆಯಿಂದ ಅಮ್ಮ ಕರೆದಳು. "ಸ್ನಾನ ಆಗಿದೆ ತಾನೆ? ಇಲ್ಲಿ ಬಾ. ಅಕ್ಕಿ ಡಬ್ಬದೊಳಗೆ ಕೈ ಹಾಕು."

"ಯಾಕಮ್ಮಾ?"

"ಹಾಕೋ ಅಂದರೆ ಹಾಕು. ಒಳಗಿನ ತನಕ."

ಮೊಣಕೈವರೆಗೆ ಹಾಕಿದೆ. ಬೆರಳಿಗೆ ತುಳಸಿ ಎಲೆ ತಾಗಿದವು, ಆಮೇಲೆ ಒಂದು ಕಲ್ಲು. ಹೊರಗೆ ತೆಗೆಯುವ ಮೊದಲೇ ಹೆಬ್ಬೆರಳಿಗೆ ಸಿಕ್ಕಿತು, ಆ ಪುಟ್ಟ ಬಾಯಿ. ಬಾಯಿ ತುಂಬ ಅಕ್ಕಿ. ಚಿಕ್ಕಂದಿನಲ್ಲಿ ನಾನು ನಂಬಿದ್ದು ಪೂರ್ತಿ ಸುಳ್ಳಲ್ಲ ಅನ್ನಿಸಿತು.

"ನೀನು ಅದಲು ಬದಲು ಮಾಡಿದ್ದನ್ನ ಆವತ್ತೇ ನೋಡಿದೆ" ಅಂದಳು ಅಮ್ಮ. "ಜಾನಕಿಗೆ ಕೊಡಕ್ಕೆ ಅಂತ ಬಟ್ಟಲು ತೊಗೊಂಡರೆ ಅದರಲ್ಲಿ ದೇವರು. ನಾವು ಹೆಂಗಸರು ಸಾಲಿಗ್ರಾಮ ಮುಟ್ಟೋ ಹಾಗಿಲ್ಲ. ಬಟ್ಟಲಿಂದ ಹಾಗೇ ಅಕ್ಕಿಗೆ ಜಾರಿಸಿದೆ. ಅವಳಿಗೆ ಕುಂಡದಿಂದ ಬೇರೆ ಕಲ್ಲು ತೆಗೆದು ನಾಮ ಹಾಕಿ ಕೊಟ್ಟೆ. ದಿನಾ ತುಳಸಿ ಹಾಕ್ತಿದೀನಿ, ದೇವರಿಗೇನೂ ಕಮ್ಮಿ ಮಾಡಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಲ್ಲಮ್ಮಾ, ಒಂದು ತಿಂಗಳಿಂದ ನಾನು ಸ್ಕಾಟ್‌ಲೆಂಡನ್ನ ಬಗೆಸ್ತಿದೀನಿ! ಆ ಮಾಮಿ ಮಳೇಲಿ ನೆನೆದು ಸಾಯ್ತಿದ್ದರು! ಒಂದು ಮಾತು ಹೇಳಕ್ಕಾಗಲಿಲ್ವಾ?"

"ಮಾರನೇ ದಿನ ಹೇಳೋಣ ಅಂತಾನೇ ಬಂದೆ. ನೀನು ಅಭಿಷೇಕ ಮಾಡ್ತಿದ್ದೆ. ನೀರು ಬಿದ್ದು ಆ ಕಲ್ಲು ಥಳಥಳ ಅಂತಿತ್ತು, ಸ್ನಾನ ಮಾಡಿ ಬಂದಾಗ ಅವರ ತಲೆ ಇರ್ತಿತ್ತಲ್ಲ, ಥೇಟ್ ಹಾಗೆ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೇಳಿದರೆ ಎತ್ತಿ ಅದನ್ನೂ ಯಾವುದೋ ಊರಿಗೆ ಕಳಿಸ್ತಿದ್ದೆ. ಬದುಕಿರೋವಾಗ ತಿರುಪತಿ ಬಿಟ್ಟರೆ ಒಂದು ದಿನ ಮನೆ ಬಿಟ್ಟವರಲ್ಲ. ಈಗ ಸಿಂಗಪುರ ಅಂತೀರಿ, ಜಪಾನ್ ಅಂತೀರಿ, ಐಸಲ್ಲಿ ಇಟ್ಟೆ ಅಂತೀರಿ. ನನಗೆ ಅಂತ ಒಂದು ಕಲ್ಲು ಮನೇಲಿ ಬೇಡ್ವೇನೋ?"

ಸಾಲಿಗ್ರಾಮದ ಬಾಯಿಂದ ಒಂದೊಂದೇ ಅಕ್ಕಿ ಕಾಳು ತೆಗೆದೆ. ಆಮೇಲೆ, "ಹಾಗಾದರೆ ಬಿಸಿನೀರು... ನನ್ನ ಗಂಟುನೋವಿಗಲ್ವಾ?" ಅಂತ ಕೇಳಿದೆ.

"ನಿನಗೆ ಗಂಟುನೋವು ಬೇರೆ ಇದೆಯಾ?" ಅಂದಳು ಅಮ್ಮ. "ತಣ್ಣೀರು ಹುಯ್ದರೆ ಅವರು ಸುಮ್ಮನಿರ್ತಾರಾ? ಕೂಗಲ್ವಾ?"

ಶ್ರಾದ್ಧದ ದಿನ ದೇವರು ಸಂಪುಟಕ್ಕೆ ಬಂದ. ಪುರೋಹಿತರಿಗೆ ನಾವು ಯಾರೂ ಏನೂ ಹೇಳಲಿಲ್ಲ. ಸೆಕ್ರೆಟರಿಗೂ ಹೇಳಿಲ್ಲ. ಅವರ ಗ್ಯಾಸ್ ಮತ್ತೆ ಶುರುವಾಗಿದೆಯಂತೆ, ಈ ನಡುವೆ ತೀರ್ಥದಲ್ಲಿ ಮೊದಲಿನ ಶಕ್ತಿ ಇಲ್ಲ ಅನ್ನುತ್ತಾರೆ. ಮೂರು ಬೂದು ಕಲ್ಲುಗಳನ್ನು ವಾಪಸ್ಸು ಒಯ್ಯಲು ಮಾಮಿ ಒಪ್ಪಲಿಲ್ಲ, ಅವು ಕುಂಡದಲ್ಲೇ ಕೂತವು. ಸ್ಕಾಟ್‌ಲೆಂಡಿನ ಗ್ಲಾಸ್ಗೋ ಊರಿನ ಹೆಸರನ್ನು ಅಪ್ಪ ಅಷ್ಟು ವರ್ಷ ಬರೆದಿದ್ದರು, ಅಲ್ಲಿಂದ ಯಾರಾದರೂ ಅವರನ್ನು ನೋಡಲು ಬರಬೇಕಾದ್ದೇ.

ಮಾರನೆಯ ಬೆಳಗ್ಗೆ ಪೂಜೆಗೆ ಕೂತಾಗ ನನ್ನ ಮುಂದೆ ಎರಡು ಪಾತ್ರೆಗಳಿದ್ದವು. ಒಂದರಲ್ಲಿ ತಣ್ಣೀರು, ಇನ್ನೊಂದರಿಂದ ಹಬೆ ಏಳುತ್ತಿತ್ತು. ದೇವರಿಗೆ ತಣ್ಣೀರಿನ ಅಭಿಷೇಕ ಮಾಡಿ, ಒರೆಸಿ, ಗಂಧ ತುಳಸಿ ಏರಿಸಿ, ನೈವೇದ್ಯ ಮುಗಿಸಿದೆ. ಆಮೇಲೆ ಪಕ್ಕದ ಹಿತ್ತಾಳೆ ತಟ್ಟೆಯಲ್ಲಿ ಕಾದು ಕೂತಿದ್ದ ಅಪ್ಪನ ಕಲ್ಲಿನ ಮೇಲೆ ಬಿಸಿನೀರು ಹುಯ್ದೆ. ಥಳಥಳ ಅಂದಿತು. ಅಮ್ಮ ಹೇಳಿದ್ದು ನಿಜ, ಥೇಟ್ ಅದೇ ತಲೆ.

"ಸರಿಯಾಗಿದ್ಯೇನೋ ನೀರು?" ಅಂತ ಅಡುಗೆಮನೆಯಿಂದ ಅಮ್ಮ ಕೇಳಿದಳು.

ಬೆರಳದ್ದಿ ನೋಡಿದೆ. ಬೆರಳು ಸುಡುವಷ್ಟು ಬಿಸಿಯಿತ್ತು. ಪಾತ್ರೆಯ ತುಂಬ ನೀರೂ ಇತ್ತು. ನನಗೆ ಯಾಕೆ ಹಾಗನ್ನಿಸಿತೋ ಗೊತ್ತಿಲ್ಲ, ಕತ್ತೆತ್ತಿ ಗಟ್ಟಿಯಾಗಿ ಕೂಗಿದೆ:

"ಇನ್ನೊಂದು ಚೊಂಬು!"

ಅಡುಗೆಮನೆಯಲ್ಲಿ ಒಲೆಯಿಂದ ಪಾತ್ರೆ ಇಳಿಸಿದ್ದು ಕೇಳಿಸಿತು, ನಿಧಾನದ ಹೆಜ್ಜೆ ಕೇಳಿಸಿತು. ದೇವರ ಮನೆಯ ಬಾಗಿಲು ಒಂದು ಗೇಣು ತೆರೆದುಕೊಂಡಿತು. ಚೊಂಬು ಹಿಡಿದ ಕೈ ಒಳಗೆ ಬಂತು.

"ತೊಗೊಳ್ಳಿ, ಬೆಂದುಹೋಗಿ!" ಅಂದಳು ಅಮ್ಮ.

ಅಂದದ್ದು ನನಗಲ್ಲ.